ಮುಂಗಡದ ಪುಸ್ತಕದಲ್ಲಿ ಅಡಗಿದ ಜೀತ



ಕುಮಟಾ ತಾಲ್ಲೂಕಿನ ಗೋಕರ್ಣದ ಬಳಿಯ ಓಂ ಬೀಚ್ ನಿಮಗೆ ಗೊತ್ತಿರಬಹುದು. ಗುಡ್ಡದ ಮೇಲಿನಿಂದ ನೋಡಿದರೆ ಓಂಕಾರದಂತೆ ಬಾಗಿರುವ ಆ ತೀರವನ್ನು ದೂರದರ್ಶನದಲ್ಲಾದರೂ ನೋಡಿರುತ್ತೀರಿ. ನಮ್ಮ ಕ್ಯಾಮೆರಾಗಳು ಯಾವಾಗಲೂ ಕಡಲಿನತ್ತ ಮುಖ ಮಾಡುತ್ತವೆ. ಅವುಗಳ ಬೆನ್ನ ಹಿಂದೆ ಪಾತ್ರೆ ತೊಳೆಯುವವರು, ಕೋಣೆ ಗುಡಿಸುವವರು, ಹಾಸಿಗೆ ಬಟ್ಟೆ ಒಗೆಯುವವರು ಇರುತ್ತಾರೆ. ಇಂತಹ ಪ್ರವಾಸಿ ತಾಣಗಳಲ್ಲಿ ದುಡಿಯುವ ಒಬ್ಬಾತ ನಾಳೆ ಕೆಲಸ ಬಿಟ್ಟು ಹೊರಡಬೇಕೆಂದರೆ ಹೊರಡಬಲ್ಲನೇ? ಈ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಜೀತ ಎಂದೊಡನೆ ನಮಗೆ ನೆನಪಾಗುವವನು ಶಿವರಾಮ ಕಾರಂತರ ಚೋಮ. ಒಡೆಯರ ಹೊಲ, ತೀರದ ಸಾಲ, ಅದನ್ನು ತೀರಿಸಲು ಕಾಫಿ ತೋಟಕ್ಕೆ ಹೋದ ಮಕ್ಕಳು. ‘ಚೋಮನ ದುಡಿ’ ಚಲನಚಿತ್ರವಾದದ್ದು 1975ರಲ್ಲಿ. ಜೀತ ಪದ್ಧತಿಯನ್ನು ರದ್ದುಗೊಳಿಸಿದ ಕೇಂದ್ರದ ಸುಗ್ರೀವಾಜ್ಞೆ ಬಂದದ್ದೂ ಅದೇ ವರ್ಷದ ಅಕ್ಟೋಬರ್‌ನಲ್ಲಿ. 1976ರಲ್ಲಿ ಅದು ಕಾಯ್ದೆಯಾಯಿತು. ಆ ಕಾಯ್ದೆ ಇಂದಿಗೂ ಜಾರಿಯಲ್ಲಿದೆ.

ಆದರೆ ಕಾಯ್ದೆಯಲ್ಲಿ ಹೊಲದ ಮಾತಷ್ಟೇ ಇಲ್ಲ. ಮುಂಗಡ ಹಣ ಪಡೆದ ಕಾರಣಕ್ಕೆ ಒಬ್ಬ ವ್ಯಕ್ತಿ ಕೂಲಿಯಿಲ್ಲದೆ ಅಥವಾ ಹೆಸರಿಗಷ್ಟೇ ಕೂಲಿ ಪಡೆದು ದುಡಿದರೆ ಅದು ಜೀತ. ಅದೇ ಕಾರಣಕ್ಕೆ ಬೇರೆ ಕೆಲಸ ಹುಡುಕುವ, ಬೇಕಾದಲ್ಲಿಗೆ ಹೋಗುವ ಸ್ವಾತಂತ್ರ್ಯ ಕಳೆದುಕೊಂಡರೂ ಅದು ಜೀತವೇ. ಸರಪಳಿ ಬೇಕಿಲ್ಲ, ಕಾವಲುಗಾರ ಬೇಕಿಲ್ಲ. ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕೂಲಿಕಾರರ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದಿತು. ಹಸಿವು, ಬಡತನಗಳ ಒತ್ತಡವೂ ಬಲವಂತವೇ ಎಂಬುದು ಆ ತೀರ್ಪಿನ ಸಾರ.

ಹಾಗಾದರೆ ಮುಂಗಡ ಕೊಡುವುದೇ ತಪ್ಪೇ? ಅಲ್ಲ. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಯಜಮಾನರು ಕೊಡುವ ಹಣ ಎಷ್ಟೋ ಮನೆಗಳನ್ನು ಉಳಿಸಿದೆ. ಅದು ಯಾವಾಗ ಜೀತವಾಗುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಲೆಕ್ಕ ನೋಡೋಣ.

ದೂರದ ಊರಿನ ಒಬ್ಬಾತ 20,000 ರೂಪಾಯಿ ಮುಂಗಡ ಪಡೆದು ಕಡಲತೀರದ ವಸತಿಗೃಹಕ್ಕೆ ಬರುತ್ತಾನೆ. ಕೂಲಿ ದಿನಕ್ಕೆ 400 ರೂಪಾಯಿ. ತಿಂಗಳಿಗೆ 26 ದಿನದಂತೆ 10,400. ಊಟ, ವಸತಿಗೆಂದು ದಿನಕ್ಕೆ 150ರಂತೆ 4,500 ಕಡಿತ. ಉಳಿದ 5,900ರಲ್ಲಿ ಮನೆಗೆ 4,400 ಕಳಿಸಿದರೆ ಸಾಲಕ್ಕೆ ಜಮೆಯಾಗುವುದು 1,500. ಅಕ್ಟೋಬರ್‌ನಿಂದ ಮೇವರೆಗಿನ ಎಂಟು ತಿಂಗಳಲ್ಲಿ 12,000 ತೀರಿ, ಬಾಕಿ 8,000 ಉಳಿಯುತ್ತದೆ. ಅಷ್ಟರಲ್ಲಿ ಮಳೆಗಾಲ. ಪ್ರವಾಸಿಗರಿಲ್ಲ, ಕೂಲಿಯಿಲ್ಲ. ಬಾಕಿ ತೀರಿಸದೆ ಊರಿಗೆ ಹೋಗುವಂತಿಲ್ಲ. ಊಟದ ಲೆಕ್ಕ ಮಾತ್ರ ನಿಲ್ಲುವುದಿಲ್ಲ: ಸುಮಾರು 120 ದಿನಕ್ಕೆ 18,000. ಮುಂದಿನ ಹಂಗಾಮು ಶುರುವಾಗುವಾಗ ಸಾಲ 26,000! ಒಂದು ಹಂಗಾಮು ದುಡಿದು ಆತ ಬಂದಾಗ ಇದ್ದದ್ದಕ್ಕಿಂತ ಹೆಚ್ಚಿನ ಸಾಲಗಾರನಾದ. ಇಲ್ಲಿ ಯಾರೂ ಅವನನ್ನು ಹೊಡೆದಿಲ್ಲ, ಬೈದಿಲ್ಲ. ಪುಸ್ತಕದಲ್ಲಿ ಬರೆದ ಅಂಕಿಗಳೇ ಅವನನ್ನು ಕಟ್ಟಿಹಾಕಿದವು.

ಕೆಲಸಗಾರನನ್ನು ಮುಂದಿನ ಹಂಗಾಮಿಗೂ ಹಿಡಿದಿಟ್ಟುಕೊಳ್ಳಬೇಕೆಂಬ ಆಸೆ ಇಂತಹ ಊರುಗಳ ಪ್ರತಿಯೊಂದು ವ್ಯವಹಾರಕ್ಕೂ ಇರುತ್ತದೆ. ಅಪಾಯ ಹುಟ್ಟುವುದು ಅಲ್ಲೇ. ಅದು ನಮ್ಮ ಕಣ್ಣೆದುರಿನ ನೌಕರರಿಗಷ್ಟೇ ಸೀಮಿತವೂ ಅಲ್ಲ. ಬಟ್ಟೆ ಒಗೆಸುವ ಗುತ್ತಿಗೆದಾರ, ಮೀನು ತರುವ ದೋಣಿ, ಹೊಸ ಕೋಣೆ ಕಟ್ಟಿಸುವಾಗ ಬರುವ ಚಿರೆಕಲ್ಲು, ಇಟ್ಟಿಗೆ, ಇವುಗಳ ಹಿಂದೆ ದುಡಿಯುವವರೂ ನಮ್ಮ ವ್ಯವಹಾರದ ಭಾಗವೇ. ಬ್ರಿಟನ್ನಿನಲ್ಲಿ 2015ರ ಕಾನೂನಿನಂತೆ ದೊಡ್ಡ ಕಂಪನಿಗಳು ತಮ್ಮ ಪೂರೈಕೆದಾರರಲ್ಲಿ ಜೀತವಿದೆಯೇ ಎಂದು ತಪಾಸಣೆ ಮಾಡಲು ಏನು ಕ್ರಮ ಕೈಗೊಂಡೆವೆಂಬುದನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಆಸ್ಟ್ರೇಲಿಯ 2018ರಲ್ಲಿ ಇಂಥದೇ ಕಾನೂನು ಮಾಡಿತು. ಅಂತಹ ಕಂಪನಿಯೊಂದು ಪ್ರವಾಸಿಗರನ್ನು ಕಳಿಸುವಾಗ ಹತ್ತು ಕೋಣೆಯ ವಸತಿಗೃಹದ ಮಾಲೀಕರನ್ನೂ ಈ ಪ್ರಶ್ನೆ ಕೇಳಬಹುದು. ಕೇಳದಿದ್ದರೂ ನಮ್ಮದೇ ಕಾಯ್ದೆ ಕೇಳುತ್ತದೆ.

ಮಾಲೀಕರು ಏನು ಮಾಡಬಹುದು? ಮೊದಲನೆಯದಾಗಿ, ಕೂಲಿಯನ್ನು ಪ್ರತಿ ತಿಂಗಳೂ ಕೆಲಸಗಾರನ ಸ್ವಂತ ಬ್ಯಾಂಕ್ ಖಾತೆಗೆ ಹಾಕಿ. ಗುತ್ತಿಗೆದಾರನ ಅಥವಾ ಮೇಸ್ತ್ರಿಯ ಕೈಗಲ್ಲ. ಎರಡನೆಯದಾಗಿ, ಆಧಾರ್ ಕಾರ್ಡ್ ನೋಡಿ, ಪ್ರತಿ ಇಟ್ಟುಕೊಂಡು, ಮೂಲವನ್ನು ಅಲ್ಲೇ ಹಿಂದಿರುಗಿಸಿ. ಮೂರನೆಯದಾಗಿ, ಮುಂಗಡದ ಲೆಕ್ಕವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಅವನಿಗೂ ಒಂದು ಪ್ರತಿ ಕೊಡಿ. ಕೆಲಸವಿಲ್ಲದ ದಿನಗಳ ಊಟವನ್ನು ಸಾಲಕ್ಕೆ ಸೇರಿಸಬೇಡಿ. ಬಾಕಿಯಿದ್ದರೂ ಹೊರಡಬಹುದೆಂದು ಸ್ಪಷ್ಟವಾಗಿ ಹೇಳಿ. ನಾಲ್ಕನೆಯದಾಗಿ, ಗುತ್ತಿಗೆಯ ದರವನ್ನು ಭಾಗಿಸಿ ನೋಡಿ. ಐವರನ್ನು ಕಳಿಸುತ್ತೇನೆ, ತಿಂಗಳಿಗೆ 40,000 ಕೊಡಿ ಎಂದರೆ ತಲೆಗೆ 8,000. ಅದರಲ್ಲೇ ಗುತ್ತಿಗೆದಾರನ ಲಾಭವೂ ಇದೆ. ಸರ್ಕಾರದ ಕನಿಷ್ಠ ವೇತನದ ಪಟ್ಟಿಯನ್ನು ಪಕ್ಕದಲ್ಲಿಟ್ಟರೆ ಉತ್ತರ ತಾನಾಗಿ ಸಿಗುತ್ತದೆ. ನಿಮಗೆ ಅಗ್ಗವಾದದ್ದನ್ನು ಇನ್ನಾರೋ ತೆರುತ್ತಿದ್ದಾರೆ. ಹಾಗೆಯೇ ಗುತ್ತಿಗೆದಾರನ ಬಿಲ್ಲನ್ನು ತಿಂಗಳುಗಟ್ಟಲೆ ಬಾಕಿ ಇಟ್ಟು, ಅವನ ಕೆಲಸಗಾರರಿಗೆ ಸಂಬಳ ಸಿಗಲಿಲ್ಲವೆಂದು ಮರುಗುವುದರಲ್ಲಿ ಅರ್ಥವಿಲ್ಲ.

ಮಕ್ಕಳ ವಿಷಯದಲ್ಲಂತೂ ಲೆಕ್ಕಾಚಾರವೇ ಬೇಡ. ಕರಾವಳಿಯ ಮಾತಿನಲ್ಲಿ ಮಾಣಿ ಎಂದರೆ ಹುಡುಗ. ಹೋಟೆಲಿನಲ್ಲಿ ಬಡಿಸುವವನಿಗೂ ಅದೇ ಹೆಸರು ಅಂಟಿತು. ಆ ಹೆಸರಿನ ಹಿಂದೆ ಎಷ್ಟು ಬಾಲ್ಯಗಳು ಕಳೆದುಹೋಗಿವೆ! 2006ರ ಅಕ್ಟೋಬರ್ 10ರಿಂದ ಹೋಟೆಲ್, ಢಾಬಾ, ರೆಸಾರ್ಟ್‌ಗಳಲ್ಲಿ 14 ವರ್ಷದೊಳಗಿನ ಮಕ್ಕಳ ದುಡಿಮೆ ನಿಷಿದ್ಧ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ಕೊನೆಯದಾಗಿ ಒಂದು ಎಚ್ಚರಿಕೆ. ನಿಮ್ಮ ಗುತ್ತಿಗೆದಾರನ ಬಳಿ ಜೀತ ಕಂಡರೆ ಗುತ್ತಿಗೆ ರದ್ದುಮಾಡಿ ಕೈತೊಳೆದುಕೊಳ್ಳಬೇಡಿ. ಆಗ ಕೆಲಸಗಾರ ಅದೇ ಸಾಲವನ್ನು ಹೊತ್ತು ಇನ್ನೊಂದು ಕಡೆಗೆ ಸಾಗಿಸಲ್ಪಡುತ್ತಾನೆ. ಕುಮಟಾದಲ್ಲಿ ಉಪವಿಭಾಗಾಧಿಕಾರಿಗಳ ಕಚೇರಿಯಿದೆ, ಕಾರವಾರದಲ್ಲಿ ಜಿಲ್ಲಾಧಿಕಾರಿಗಳಿದ್ದಾರೆ. ಅವರಿಗೆ ತಿಳಿಸಿ. ಜೀತವೆಂದು ಖಚಿತವಾದರೆ ಬಿಡುಗಡೆ ಪತ್ರ ದೊರೆಯುತ್ತದೆ, ಆ ಸಾಲವೇ ಕಾನೂನಿನ ಪ್ರಕಾರ ಅಳಿದುಹೋಗುತ್ತದೆ. ಸಾಲ ಜೀತದ್ದಲ್ಲವೆಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದು, ದುಡಿದವನದಲ್ಲ. ದುಡಿಸಿದವನಿಗೆ ಮೂರು ವರ್ಷದವರೆಗೆ ಸಜೆಯೂ ಇದೆ.

ಇಂದು ಸಂಜೆಯೇ ನಿಮ್ಮ ಮುಂಗಡದ ಪುಸ್ತಕವನ್ನು ತೆರೆದು ನೋಡಿ. ಪ್ರತಿ ಹೆಸರಿನ ಮುಂದೆಯೂ ಬಾಕಿ ಎಷ್ಟೆಂದು ಕೇಳುವ ಮೊದಲು, ಈತ ನಾಳೆ ಹೊರಡಬಲ್ಲನೇ ಎಂದು ಕೇಳಿಕೊಳ್ಳಿ.