ಗರಸು ಹಾದಿಯ ಸೈಕಲ್ಲು ಮತ್ತು ಕಾಳಿ ಕಣಿವೆ

(ಹುಬ್ಬಳ್ಳಿ–ಧಾರವಾಡದ ಸೈಕಲ್ ಆಸಕ್ತರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಅವಳಿ ನಗರದ ಸೈಕಲ್ ಸವಾರರ ಕಣ್ಣು ಪಶ್ಚಿಮದತ್ತ ಹೊರಳಿರುವುದು ಸಹಜವೇ ಆಗಿದೆ. ಗ್ರ್ಯಾವೆಲ್ ಬೈಕ್ ಎಂಬ ಬಗೆಯ ಸೈಕಲ್ಲು ಬಂದ ಮೇಲೆ ಆ ಸೆಳೆತ ಹೆಚ್ಚಿದೆ. ಓಟದ ಸೈಕಲ್ಲಿನಂತೆ ಬಾಗಿದ ಹಿಡಿ, ಆದರೆ 35ರಿಂದ 50 ಮಿಲಿಮೀಟರ್ ಅಗಲದ ಟೈರು, ಅದರೊಳಗೆ ಕಡಿಮೆ ಗಾಳಿಯೊತ್ತಡ. ಡಾಂಬರು ಮುಗಿದಲ್ಲಿ ಇಳಿಯಬೇಕಾಗಿಲ್ಲ. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಪಟ್ಟಣದಲ್ಲಿ 2006ರಲ್ಲಿ ಆರಂಭವಾದ 200 ಮೈಲಿಗಳ ಸ್ಪರ್ಧೆಯೊಂದು ಈ ಸವಾರಿಗೆ ಹೆಸರು ತಂದಿತು. ಅಲ್ಲಿನ ಗರಸು ರಸ್ತೆಗಳು ಹುಲ್ಲುಗಾವಲು ಮತ್ತು ಹೊಲಗಳ ನಡುವಿನ ಸಾರ್ವಜನಿಕ ದಾರಿಗಳು. ಇಲ್ಲಿ ಗರಸು ಹಾದಿಯನ್ನು ಹುಡುಕುತ್ತ ಹೋದವರು ಬೇಗನೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಗಡಿಯನ್ನು ಮುಟ್ಟುತ್ತಾರೆ. ಇಂದಿನ ವಿಚಾರ ಈ ವ್ಯತ್ಯಾಸದ್ದು.

ಧಾರವಾಡವು ಎರಡು ದಿಕ್ಕಿನ ನೀರು ಬೇರ್ಪಡುವ ನೆಲ. ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಪಡುವಣಕ್ಕಿಳಿದು, ಬೇಡ್ತಿಯಾಗಿ, ಗಂಗಾವಳಿಯಾಗಿ ಕಡಲು ಸೇರುತ್ತದೆ. ಬೆಣ್ಣಿಹಳ್ಳ ಮೂಡಣದ ಮಲಪ್ರಭೆಗೆ ಹೋಗುತ್ತದೆ. ಹುಬ್ಬಳ್ಳಿಯ ಪೂರ್ವಕ್ಕೆ ಎರೆಭೂಮಿ, ಧಾರವಾಡದ ಪಶ್ಚಿಮಕ್ಕೆ ಮಸಾರಿ, ಹಳಿಯಾಳ ದಾಟಿದ ಮೇಲೆ ಜಂಬಿಟ್ಟಿಗೆ. ಧಾರವಾಡದಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆಯಾದರೆ, ಘಟ್ಟದಂಚಿನ ಕ್ಯಾಸಲ್‌ರಾಕ್ ಕಡೆ ಅದರ ಐದು ಪಟ್ಟಿಗೂ ಹೆಚ್ಚು. ಧಾರವಾಡದಿಂದ ದಾಂಡೇಲಿಗೆ ಇರುವುದು ಸುಮಾರು 55 ಕಿ.ಮೀ. ಅಷ್ಟರಲ್ಲಿಯೇ ಜೋಳದ ಸೀಮೆ ಮುಗಿದು, ಕೂರಿಗೆಯಲ್ಲಿ ಬಿತ್ತುವ ಭತ್ತದ ಸೀಮೆ ಬಂದು, ಸಾಗುವಾನಿಯ ಕಾಡು ತೊಡಗುತ್ತದೆ. ಇಷ್ಟು ಬದಲಾವಣೆಯನ್ನು ಕಾಲ ಬಲದಿಂದಲೇ ಒಂದು ದಿನದಲ್ಲಿ ಕಾಣಬಹುದಾದ ನಗರಗಳು ಈ ನಾಡಿನಲ್ಲಿ ವಿರಳ.

ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟಿ, ಸುಮಾರು 184 ಕಿ.ಮೀ. ಹರಿದು ಕಾರವಾರದ ಬಳಿ ಕಡಲು ಸೇರುವ ಕಾಳಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾಗಳಲ್ಲಿ ಕಟ್ಟೆಗಳು ಬಿದ್ದಿವೆ. ಸೂಪಾದ ಗರಿಷ್ಠ ನೀರಿನ ಮಟ್ಟ ಸಮುದ್ರದಿಂದ 564 ಮೀಟರ್, ಕೊಡಸಳ್ಳಿಯದು 75.5, ಕದ್ರಾದ್ದು 34.5. ಈ ಇಳಿಜಾರನ್ನೇ ವಿದ್ಯುತ್ತನ್ನಾಗಿಸಲಾಗಿದೆ; ಅಣಶಿ ಘಟ್ಟದಲ್ಲಿ ಸೈಕಲ್ಲಿನ ಬ್ರೇಕು ಕಾಯುವುದೂ ಇದೇ ಇಳಿಜಾರಿನಿಂದ. 1987ರಲ್ಲಿ ಪೂರ್ಣಗೊಂಡ ಸೂಪಾ ಅಣೆಕಟ್ಟೆಯ ಹಿನ್ನೀರಿನಲ್ಲಿ ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಊರೇ ಮುಳುಗಿತು. ಕಚೇರಿಗಳು ಜೋಯಿಡಾಕ್ಕೆ ಬಂದವು, ಅನೇಕ ಕುಟುಂಬಗಳು ರಾಮನಗರಕ್ಕೆ ಹೋದವು. ಅದೇ 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವೂ ಘೋಷಣೆಯಾಯಿತು. ದಾಂಡೇಲಿ ಅಭಯಾರಣ್ಯ 1956ರಷ್ಟು ಹಳೆಯದು. ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿಯ ಹೆಸರು ಪಡೆದವು.

ನಕ್ಷೆಯಲ್ಲಿ ನೋಡಿದರೆ ಹಿನ್ನೀರಿನ ಅಂಚು ಸವಾರನಿಗೆ ಹೇಳಿ ಮಾಡಿಸಿದ ಹಾದಿಯಂತೆ ತೋರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮರಗಳಿಲ್ಲದ, ಗಟ್ಟಿಯಾದ, ತುಸುವೇ ಇಳಿಜಾರಿನ ಬಯಲು ತೆರೆದುಕೊಳ್ಳುತ್ತದೆ. ಆದರೆ ಆ ಬಯಲು ಖಾಲಿ ನೆಲವಲ್ಲ. ನೀರು ಹಿಂದೆ ಸರಿದಂತೆ ಮೆಕ್ಕಲಿನಲ್ಲಿ ತೇವವುಳಿದು, ಕಾಡಿನೊಳಗಿನ ಹುಲ್ಲು ಒಣಗಿರುವ ತಿಂಗಳುಗಳಲ್ಲಿಯೇ ಅಲ್ಲಿ ಎಳೆಹುಲ್ಲು ಚಿಗುರುತ್ತದೆ. ಕಬಿನಿಯ ಹಿನ್ನೀರಿಗೆ ಬೇಸಿಗೆಯಲ್ಲಿ ಆನೆಗಳು ಹಿಂಡುಹಿಂಡಾಗಿ ಬರುವುದು ಈ ಕಾರಣಕ್ಕೇ. ಕಾಡುಕೋಣ, ಜಿಂಕೆಗಳಿಗೂ ಇದೇ ಲೆಕ್ಕ. ಮೇವು ಮತ್ತು ನೀರು ಒಂದೆಡೆ ಸಿಗುವ ಏಕೈಕ ಜಾಗದಲ್ಲಿ ಬೆಳಿಗ್ಗೆ ಮತ್ತು ಸಂಜೆ, ಅಂದರೆ ಪ್ರಾಣಿಗಳು ಮೇಯುವ ಹೊತ್ತಿಗೇ, ಹತ್ತು ಸೈಕಲ್ಲುಗಳು ಹಾದರೆ ಅಂದಿನ ಮೇವು ತಪ್ಪಿತೆಂದೇ ತಿಳಿಯಬೇಕು. ಒಬ್ಬನ ಜಾಡು ಮೊಬೈಲಿನಲ್ಲಿ ದಾಖಲಾಗಿ ಹಂಚಿಕೆಯಾದರೆ ಮುಂದಿನ ವಾರ ಇನ್ನೂ ಹತ್ತು ಮಂದಿ ಬರುತ್ತಾರೆ.

ಸೈಕಲ್ಲು ಹೊಗೆಯುಗುಳುವುದಿಲ್ಲ, ಸದ್ದು ಮಾಡುವುದಿಲ್ಲ, ಆದ್ದರಿಂದ ನಿರುಪದ್ರವಿ ಎಂಬ ವಾದ ಕೇಳಿಬರುತ್ತದೆ. ಕಾಡಿನಲ್ಲಿ ಸದ್ದಿಲ್ಲದಿರುವುದೇ ತೊಡಕು. ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ ಮೊರೇನ್ ಸರೋವರದ ಬಳಿಯ ಹಾದಿಯಲ್ಲಿ ಸೈಕಲ್ ಸವಾರರು ಮತ್ತು ಗ್ರಿಜ್ಲಿ ಕರಡಿಗಳು ಎದುರುಬದುರಾದ ಬಗೆಯನ್ನು 2000ದ ವರದಿಯೊಂದು ಪರಿಶೀಲಿಸಿತು. ವೇಗ ಮತ್ತು ಮೌನ ಒಟ್ಟಿಗೆ ಸೇರಿದಾಗ ಕರಡಿಗೆ ಸರಿದುಹೋಗಲು ಸಮಯವೇ ಸಿಗದು. ಕಾಳಿ ಕಣಿವೆಯ ಕರಡಿಯೂ ಹಠಾತ್ತನೆ ಎದುರಾದರೆ ಓಡುವುದಕ್ಕಿಂತ ಮೇಲೆರಗುವುದೇ ಹೆಚ್ಚು. ನಡೆದು ಹೋಗುವವನ ಹೆಜ್ಜೆ ಸಪ್ಪಳ ಇದಕ್ಕಿಂತ ಸುರಕ್ಷಿತ.

ಇನ್ನು ಕೃಷಿ ವಿಜ್ಞಾನಕ್ಕೆ ನೇರವಾಗಿ ಸೇರಿದ ಸಂಗತಿ: ಟೈರಿನ ಮಣ್ಣು. ಅಗಲ ಟೈರಿನ ಗುಬ್ಬಿಗಳ ನಡುವೆ ಅಂಟುವ ಹಸಿಮಣ್ಣು ಮೂವತ್ತು ಕಿಲೋಮೀಟರ್ ಆಚೆ ಬೀಳುತ್ತದೆ, ಬೀಜಗಳೊಂದಿಗೆ. ಹುಬ್ಬಳ್ಳಿಯ ರಸ್ತೆಬದಿಯಲ್ಲಿ ಬೇಕಾದಷ್ಟಿರುವ ಕಾಂಗ್ರೆಸ್ ಕಳೆ ಕಾಡಿನ ತೆರಪುಗಳಿಗೆ ಹೋಗಲು ಇಷ್ಟು ಸಾಕು. ಕಳೆಗಿಂತ ಭಯಪಡಬೇಕಾದ್ದು ಫೈಟಾಫ್ತೊರ. ಕಾಳುಮೆಣಸಿನ ಶೀಘ್ರ ಸೊರಗುರೋಗಕ್ಕೆ ಕಾರಣವಾದ ಈ ಜೀವಿ ಮಣ್ಣಿನಲ್ಲಿ ಬದುಕಿ, ಹಸಿಮಣ್ಣಿನೊಂದಿಗೆ ಸಾಗುತ್ತದೆ. ಇದರದೇ ಕುಲದ ಇನ್ನೊಂದು ಪ್ರಭೇದ ಪಶ್ಚಿಮ ಆಸ್ಟ್ರೇಲಿಯದ ಜಾರಾ ಕಾಡುಗಳನ್ನು ವಾಹನಗಳ ಗಾಲಿ, ಬೂಟುಗಳ ಮೂಲಕ ಹರಡಿ ಒಣಗಿಸಿತು. ಅಲ್ಲಿ ಹಾದಿಯ ಬಾಯಿಯಲ್ಲಿ ಬ್ರಷ್ಷು, ಸ್ಪಿರಿಟ್ಟು ಇರಿಸಿ ಗಾಲಿ ಶುಚಿಮಾಡಿಕೊಂಡೇ ಮುಂದೆ ಹೋಗುವ ಪದ್ಧತಿ ಬಂದಿತು. ಯಲ್ಲಾಪುರ, ಜೋಯಿಡಾ ಕಡೆಯ ತೋಟಗಳ ನಡುವಿನ ಕಾಲುದಾರಿಗಳಲ್ಲಿ ಮಳೆಗಾಲದಲ್ಲಿ ಒಂದು ತೋಟದಿಂದ ಇನ್ನೊಂದಕ್ಕೆ ಸೈಕಲ್ಲೋಡಿಸುವುದು ರೈತನಿಗೆ ಮಾಡುವ ಅಪಕಾರ. ಸವಾರಿಗೆ ಮುನ್ನ ಒಣಮಣ್ಣನ್ನು ಕೆರೆದು, ತೊಳೆದು, ಪೂರ್ತಿ ಒಣಗಿಸುವುದಕ್ಕೆ ಖರ್ಚೇನೂ ಇಲ್ಲ. ಇಳಿಜಾರಿನ ಹಸಿ ನೆಲದಲ್ಲಿ ಗಾಲಿ ಕೊರೆದ ಗೆರೆ ಒಂದೆರಡು ಮಳೆಗೆ ಕೊರಕಲಾಗುವುದನ್ನು ಬೇರೆ ವಿವರಿಸಬೇಕಾಗಿಲ್ಲ.

ಕಾನೂನು ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 27ನೆಯ ಕಲಮು ಅಭಯಾರಣ್ಯದೊಳಗೆ ಹೊರಗಿನವರ ಪ್ರವೇಶವನ್ನು ನಿರ್ಬಂಧಿಸಿ, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ವಿನಾಯಿತಿ ಕೊಡುತ್ತದೆ. ಹೆದ್ದಾರಿ ಬಿಟ್ಟು ಕಾಡುದಾರಿಗೆ ತಿರುಗಿದೊಡನೆ 28ನೆಯ ಕಲಮಿನ ಅನುಮತಿ ಬೇಕು. ಸೈಕಲ್ಲಿಗೆ ಪ್ರತ್ಯೇಕ ರಿಯಾಯಿತಿ ಇಲ್ಲ, ಇರಬೇಕಾಗಿಯೂ ಇಲ್ಲ.

ಹಾಗಾದರೆ ಗರಸು ಎಲ್ಲಿ? ಊರ ಬಾಗಿಲಿನಲ್ಲಿಯೇ ಇದೆ. ಧಾರವಾಡದಿಂದ ಕ್ಯಾರಕೊಪ್ಪ, ಮುಗದ, ಕಂಬಾರಗಣವಿಗಳ ಮೇಲೆ ಅಳ್ನಾವರದತ್ತ ರೈಲು ಹಳಿಯ ಆಚೀಚೆ ಹೊಲದ ದಾರಿಗಳಿವೆ. ಮುಗದದಲ್ಲಿ ಕೆರೆಯೂ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರವೂ ಇವೆ. ಕಲಘಟಗಿ ತಾಲ್ಲೂಕಿನ ನೀರಸಾಗರ, ಒಂದು ಕಾಲಕ್ಕೆ ಹುಬ್ಬಳ್ಳಿಯ ಬಾಯಾರಿಕೆ ತಣಿಸಿದ ಜಲಾಶಯ, ಬೆಳಗಿನ ಸವಾರಿಗೆ ಸಾಕಷ್ಟು ದೂರ. ಮುಂಗಾರಿನಲ್ಲಿ ಎರೆಯ ದಾರಿಯನ್ನು ಬಿಟ್ಟು ಮಸಾರಿಯ ದಾರಿಯನ್ನೇ ಆರಿಸಬೇಕು. ಇಲ್ಲವಾದರೆ ಸವಾರನೇ ಸೈಕಲ್ಲನ್ನು ಹೊರಬೇಕಾದೀತು. ಹುಲಿ ಪ್ರದೇಶದೊಳಗೆ ಹಳಿಯಾಳ–ದಾಂಡೇಲಿ–ಗಣೇಶಗುಡಿ–ಜೋಯಿಡಾದ ಡಾಂಬರು ರಸ್ತೆಯೇ ಮಾರ್ಗ, ಅದೂ ಹಗಲಿನಲ್ಲಿ. ಅಣಶಿ ಘಟ್ಟವನ್ನು ಮಳೆಗಾಲದಲ್ಲಿ ತೊರೆಯುವುದೇ ಲೇಸು. 2021ರ ಜುಲೈ ತಿಂಗಳಲ್ಲಿ ಉತ್ತರ ಕನ್ನಡದ ಘಟ್ಟಗಳು ಕುಸಿದುದನ್ನು ಮರೆಯುವಂತಿಲ್ಲ. ಡಿಸೆಂಬರಿನಿಂದ ಮೇ ತನಕ ಉಣ್ಣೆಗಳ ಕಾಲ. ಮಂಗನ ಕಾಯಿಲೆಯ ಭಯವಿರುವುದರಿಂದ ಸತ್ತ ಮಂಗ ಕಂಡಲ್ಲಿ ನಿಲ್ಲದೆ ಆರೋಗ್ಯ ಇಲಾಖೆಗೆ ತಿಳಿಸಬೇಕು.

ಕೊನೆಯದಾಗಿ ಒಂದು ಮಾತು, ಸಭಿಕರೇ. ಜೋಯಿಡಾ ತಾಲ್ಲೂಕಿನ ಹಳ್ಳಿಗಳಿಗೆ ಹೋಗುವ ಗರಸು ರಸ್ತೆಗಳನ್ನು ಕಂಡು ನಗರದ ಸವಾರ ಹಿಗ್ಗುತ್ತಾನೆ. ಆ ರಸ್ತೆ ಹಾಗೇ ಉಳಿದಿರುವುದು ಊರವರ ಇಷ್ಟದಿಂದಲ್ಲ. ರೋಗಿಯನ್ನೂ ಬಸುರಿಯನ್ನೂ ಕಂಬಳಿಯ ಜೋಲಿಯಲ್ಲಿ ಹೊತ್ತು ಡಾಂಬರು ರಸ್ತೆಗೆ ತಂದ ಸುದ್ದಿಗಳು ಈ ತಾಲ್ಲೂಕಿನಿಂದ ಮತ್ತೆ ಮತ್ತೆ ಬಂದಿವೆ. ಅಣೆಕಟ್ಟೆಗೆ ನೆಲ ಕೊಟ್ಟವರು, ಕಾಡಿನ ಕಾನೂನಿಗೆ ಅಂಜಿ ನಡೆಯುವವರು ಅವರೇ. ಅಂಥವರ ಮುಂದೆ ನಿಂತು, ರಸ್ತೆ ಕಚ್ಚಾ ಇದ್ದರೇ ಚೆಂದ ಎನ್ನುವ ಅಧಿಕಾರ ಸವಾರಿಗೆ ಬಂದವರಿಗಿಲ್ಲ. ಯಾವ ಹಳ್ಳಿಗೆ ಎಂಥ ರಸ್ತೆ ಎಂಬ ಪ್ರಶ್ನೆ ಊರವರು ಮತ್ತು ಕಾಡಿನ ನಡುವೆ ತೀರ್ಮಾನವಾಗಬೇಕಾದ್ದು. ಅದರಲ್ಲಿ ಸೈಕಲ್ ಸಂಘಗಳು ಪಕ್ಷಗಾರರಲ್ಲ.

ಜೋಯಿಡಾದಲ್ಲಿ ಕುಣಬಿ ರೈತರ ಗೆಡ್ಡೆಗೆಣಸುಗಳ ಮೇಳ ಚಳಿಗಾಲದಲ್ಲಿ ನಡೆಯುತ್ತ ಬಂದಿದೆ. ಮರಗೆಣಸು, ಕೆಸುವು, ಸುವರ್ಣಗೆಡ್ಡೆಗಳ ಹಲವು ತಳಿಗಳು ಅಲ್ಲಿ ಒಂದೆಡೆ ಸಿಗುತ್ತವೆ. ವರ್ಷದ ಮೊದಲ ದೂರದ ಸವಾರಿಯನ್ನು ಆ ದಿನಕ್ಕೆ ಇಟ್ಟುಕೊಳ್ಳಬಹುದು. ಧಾರವಾಡದಿಂದ ಅಲ್ಲಿಯ ತನಕ ಡಾಂಬರಿದೆ. ಹೋಗುವಾಗ ಚೀಲ ಖಾಲಿ ಇರಲಿ.