ಬೇದಾಣಾ ಶೆಡ್ಡಿನಿಂದ ವಿಜ್ಞಾನದ ತರಗತಿಗೆ



ಮಿರಜ ತಾಲೂಕಿನ ಗಡಿಭಾಗದ ಲಿಂಗನೂರಿನಿಂದ ಕವಠೆ ಮಹಾಂಕಾಳ, ತಾಸಗಾಂವಗಳವರೆಗಿನ ಸೀಮೆ ದ್ರಾಕ್ಷಿಯ ಸೀಮೆ. ಬೇಸಿಗೆ ಕಾಲಿಡುತ್ತಲೇ ಒಣಗಿಸುವ ಶೆಡ್ಡುಗಳು ತುಂಬುತ್ತವೆ. ಇಲ್ಲಿಯ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಗೊನೆಗಳನ್ನು ದ್ರಾವಣದಲ್ಲಿ ಅದ್ದುವುದನ್ನೂ ಬಲೆಯ ಅಂತಸ್ತುಗಳ ಮೇಲೆ ಹರಡುವುದನ್ನೂ ಅವಳು ಬಾಲ್ಯದಿಂದ ಕಂಡಿದ್ದಾಳೆ. ಅವಳ ತಾಯಿ ಒಣಗಿದ ಹಣ್ಣನ್ನು ಆರಿಸುವ ಕೂಲಿಗೆ ಹೋಗುತ್ತಾಳೆ. ಅದೇ ವಿದ್ಯಾರ್ಥಿನಿಯನ್ನು ತರಗತಿಯಲ್ಲಿ 'ಅಭಿಸರಣೆ ಎಂದರೇನು?' ಎಂದು ಕೇಳಿದರೆ ಕಂಠಪಾಠ ಮಾಡಿದ ವಾಕ್ಯವನ್ನು ಒಪ್ಪಿಸುತ್ತಾಳೆ. ಮರೆತಿದ್ದರೆ ತಲೆ ತಗ್ಗಿಸುತ್ತಾಳೆ. ಕಣ್ಣಾರೆ ಕಂಡದ್ದೂ ವಿಜ್ಞಾನವೇ ಎಂದು ಅವಳಿಗೆ ಯಾರೂ ಹೇಳಿಲ್ಲ.

ಶಾಲೆಯ ಜ್ಞಾನವನ್ನು ಶಾಲೆಯ ಹೊರಗಿನ ಬದುಕಿನೊಡನೆ ಜೋಡಿಸಬೇಕೆಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮಾರ್ಗದರ್ಶಿ ತತ್ತ್ವಗಳಲ್ಲೊಂದು. ಅದಕ್ಕೂ ಬಹು ಮುಂಚೆ, 1972ರಲ್ಲಿ, ಮಧ್ಯಪ್ರದೇಶದ ಹೋಶಂಗಾಬಾದ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಹಳ್ಳಿಯ ಮಕ್ಕಳು ಸ್ವತಃ ಪ್ರಯೋಗ ಮಾಡಿ ಕಲಿಯುವ ವಿಜ್ಞಾನ ಕಾರ್ಯಕ್ರಮ ಆರಂಭವಾಗಿತ್ತು. ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಮಕ್ಕಳಿಗಾದರೋ ಈ ಜೋಡಣೆಯ ಅಗತ್ಯ ಇಮ್ಮಡಿ. ಪುಸ್ತಕದ 'ಒಣದ್ರಾಕ್ಷಿ' ಪೇಟೆಯ ಮರಾಠಿಯಲ್ಲಿ 'ಬೇದಾಣಾ'. ಪುಸ್ತಕದ 'ಅಭಿಸರಣೆ'ಯನ್ನೇ ಮರಾಠಿ ಮಾಧ್ಯಮದ ಗೆಳತಿ 'ಪರಾಸರಣ' ಎನ್ನುತ್ತಾಳೆ. ಹೆಸರುಗಳು ಹಲವು, ವಸ್ತು ಒಂದೇ ಎಂದು ತಿಳಿಸದಿದ್ದರೆ ಮಗು ತನ್ನ ಭಾಷೆಯನ್ನೇ ಕೊರತೆಯೆಂದು ಬಗೆಯುತ್ತದೆ.

ಆದ್ದರಿಂದ ಪಾಠ ವ್ಯಾಖ್ಯೆಯಿಂದಲ್ಲ, ಶೆಡ್ಡಿನಿಂದ ಆರಂಭವಾಗಲಿ. ಶೆಡ್ಡಿನ ಪಕ್ಕಗಳು ಏಕೆ ತೆರೆದಿವೆ? ಗೊನೆಗಳನ್ನು ರಾಶಿ ಹಾಕದೆ ಏಕೆ ಹರಡುತ್ತಾರೆ? ಮೋಡ ಕವಿದ ದಿನ ಮನೆಯವರು ಏಕೆ ಚಿಂತಿಸುತ್ತಾರೆ? ಮಕ್ಕಳ ಉತ್ತರಗಳಲ್ಲೇ ಗಾಳಿ, ಮೇಲ್ಮೈ ವಿಸ್ತೀರ್ಣ, ಆರ್ದ್ರತೆ, ಉಷ್ಣತೆ ಎಂಬ ಬಾಷ್ಪೀಕರಣದ ನಾಲ್ಕು ಅಂಶಗಳೂ ಅಡಗಿರುತ್ತವೆ. ಪಾರಿಭಾಷಿಕ ಪದವನ್ನು ಅನಂತರ ಕೊಡಬೇಕು.

ಮುಂದೆ ಒಣಹಣ್ಣನ್ನು ನೀರಿನಲ್ಲಿ ಹಾಕಿದರೆ ಅದು ಉಬ್ಬುತ್ತದೆ. ಉಬ್ಬಿದ್ದನ್ನು ಗಾಢ ಸಕ್ಕರೆಯ ದ್ರಾವಣಕ್ಕೆ ಹಾಕಿದರೆ ಮತ್ತೆ ಕುಗ್ಗುತ್ತದೆ. ಇದು ಅರೆಪಾರಕ ಪೊರೆಯ ಮೂಲಕ ನಡೆಯುವ ಅಭಿಸರಣೆ. ಶೆಡ್ಡಿನಲ್ಲಿ ನೀರು ಹೋದದ್ದು ಬಾಷ್ಪೀಕರಣದಿಂದ. 'ಎರಡರಲ್ಲೂ ನೀರೇ ಹೋಯಿತಲ್ಲ' ಎಂದು ಮಗು ಕೇಳಿದರೆ ಪಾಠ ಸರಿಯಾದ ದಾರಿಯಲ್ಲಿದೆ ಎಂದರ್ಥ. ನೀರು ಹೋದದ್ದು ಎಲ್ಲಿಗೆ, ಗಾಳಿಗೋ ದ್ರಾವಣಕ್ಕೋ, ಎಂಬ ಮರುಪ್ರಶ್ನೆಯೇ ಅದಕ್ಕೆ ಉತ್ತರ.

ಗಣಿತವೂ ಇಲ್ಲಿ ದೂರವಿಲ್ಲ. 100 ಕಿಲೊ ಹಣ್ಣಿನಲ್ಲಿ ನೀರನ್ನುಳಿದ ಅಂಶ 22 ಕಿಲೊ ಇದ್ದು, ಒಣಹಣ್ಣಿನಲ್ಲಿ ಶೇಕಡಾ 15ರಷ್ಟು ನೀರು ಉಳಿದರೆ ದೊರೆಯುವುದು ಸುಮಾರು 26 ಕಿಲೊ. ನಾಲ್ಕು ಕಿಲೊಗೆ ಒಂದು ಕಿಲೊ ಎಂಬ ಹಿರಿಯರ ಲೆಕ್ಕ ಹೀಗೆ ಪಾಟಿಯ ಮೇಲೆ ಸಿದ್ಧವಾಗುತ್ತದೆ.

ರಸಾಯನಶಾಸ್ತ್ರಕ್ಕೆ ಅದ್ದುವ ದ್ರಾವಣವೇ ಸಾಕು. ಅದರಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಇಥೈಲ್ ಓಲಿಯೇಟ್ ಇರುತ್ತವೆ. ಸಿಪ್ಪೆಯ ಮೇಲಿನ ಮೇಣದ ಪದರನ್ನು ಅವು ಸಡಿಲಿಸುವುದರಿಂದ ನೀರು ಬೇಗ ಹೊರಬೀಳುತ್ತದೆ. ಅದ್ದಿದ ಮತ್ತು ಅದ್ದದ ಗೊನೆಗಳನ್ನು ದಿನವೂ ತೂಗಿ ಆಲೇಖ ಬರೆಯಿಸಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಅರಿಸಿನ ಸವರಿದ ಕಾಗದದ ಮೇಲೆ ಆ ದ್ರಾವಣದ ಹನಿ ಬಿದ್ದರೆ ಕೆಂಪಾಗುತ್ತದೆ; ಸಾಂಗಲಿಯ ಅರಿಸಿನವೇ ಇಲ್ಲಿ ಪ್ರತ್ಯಾಮ್ಲದ ಸೂಚಕ. ಬಣ್ಣ ಉಳಿಯಲೆಂದು ಹಾಕುವ ಗಂಧಕದ ಹೊಗೆ ಸಲ್ಫರ್ ಡೈಆಕ್ಸೈಡ್. ಅದು ಶ್ವಾಸಕ್ಕೆ ಅಪಾಯಕಾರಿ ಎಂಬುದನ್ನು ಅರಿತ ಮಗು ಆ ಮಾತನ್ನು ಮನೆಗೂ ಒಯ್ಯುತ್ತದೆ. ಆದರೆ ಗಂಧಕವನ್ನು ತರಗತಿಯಲ್ಲಿ ಸುಡಬಾರದು. ದ್ರಾವಣವನ್ನು ಶಿಕ್ಷಕರೇ ನಿರ್ವಹಿಸಬೇಕು.

ಇನ್ನೆರಡು ಎಚ್ಚರಿಕೆಗಳು ಅವಶ್ಯ. ಅಕಾಲಿಕ ಮಳೆಗೆ ಹಣ್ಣು ಕಪ್ಪಾಗಿ ದರ ಕುಸಿದ ವರ್ಷ, 'ನಿಮ್ಮ ಮನೆಗೆ ಎಷ್ಟು ನಷ್ಟವಾಯಿತು?' ಎಂಬ ಪ್ರಶ್ನೆ ತರಗತಿಯಲ್ಲಿ ಬರಬಾರದು. ಸಾಲದ ಮನೆಯ ಮಗುವಿಗೆ ಅದು ವಿಜ್ಞಾನವಲ್ಲ, ಅವಮಾನ. ಎರಡನೆಯದಾಗಿ, ಪಾಠ ಶೆಡ್ಡಿನಲ್ಲಿಯೇ ನಿಲ್ಲಬಾರದು. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಮಗು ಬರೆಯಬೇಕಾದದ್ದು ಶುದ್ಧ ಪಾರಿಭಾಷಿಕ ಕನ್ನಡವನ್ನೇ. ಅನುಭವದಿಂದ ಪದಕ್ಕೆ ಬಂದು, ಆ ಪದದಿಂದ ಉಪ್ಪಿನಕಾಯಿ, ಬೇರು, ಮೂತ್ರಪಿಂಡಗಳಂಥ ಹೊಸ ಸಂಗತಿಗಳಿಗೆ ಹೋಗುವ ಶಕ್ತಿ ಅದಕ್ಕೆ ದೊರೆಯಬೇಕು.

ಸಂಜೆ ಹಣ್ಣು ಆರಿಸುತ್ತ ಕುಳಿತ ತಾಯಿ 'ಇವತ್ತು ಸಾಲ್ಯಾಗ ಏನ್ ಕಲತಿ?' ಎಂದು ಕೇಳಿದಾಗ, ಅವಳ ಕೈಯಲ್ಲಿರುವ ಹಣ್ಣನ್ನೇ ತೋರಿಸಿ ಮಗಳು ವಿವರಿಸುವಂತಾದರೆ ಆ ದಿನದ ಪಾಠ ಸಾರ್ಥಕ.