ಎಪ್ಪತ್ತೊಂದು ಲಕ್ಷದಲ್ಲಿ ಒಂದು

2024ರ ಅಕ್ಟೋಬರಿನಲ್ಲಿ ಕೇರಳ ಸರ್ಕಾರದ ಓಣಂ ಬಂಪರ್ ಲಾಟರಿಯ 25 ಕೋಟಿ ರೂಪಾಯಿ ಪಾಂಡವಪುರದವರೊಬ್ಬರಿಗೆ ಬಂದದ್ದು ತಮಗೆ ನೆನಪಿರಬಹುದು. ಟಿಕೆಟ್ ಮಾರಾಟವಾದದ್ದು ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ. ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಷೇಧವಾದುದರಿಂದ ನಮ್ಮವರ ಅದೃಷ್ಟ ಈಗ ಬಂಡೀಪುರದ ಕಾಡು ದಾಟಿ ಬರಬೇಕು.

ಹೊಣಕೆರೆಯಲ್ಲಿ ಕುಳಿತು ಈ ಸುದ್ದಿ ಓದಿದವರಿಗೆ ಪಾಂಡವಪುರವೆಂದರೆ ಪಕ್ಕದ ತಾಲ್ಲೂಕು. ಅಲ್ಲಿಗೆ ಬಂದದ್ದು ಇಲ್ಲಿಗೇಕೆ ಬಾರದು ಎನಿಸುವುದು ಸಹಜ. ಲೆಕ್ಕ ಹಾಕೋಣ. ಆ ಸಲ ಮಾರಾಟವಾದದ್ದು ಸುಮಾರು 71 ಲಕ್ಷ ಟಿಕೆಟ್. 2011ರ ಜನಗಣತಿಯಂತೆ ಮಂಡ್ಯ ಜಿಲ್ಲೆಯ ಜನಸಂಖ್ಯೆ ಸುಮಾರು 18 ಲಕ್ಷ. ಅಂಥ ನಾಲ್ಕು ಜಿಲ್ಲೆಗಳ ಹಸುಗೂಸು, ಮುದುಕರನ್ನೂ ಬಿಡದೆ ಎಲ್ಲರ ಕೈಗೂ ಒಂದೊಂದು ಟಿಕೆಟ್ ಕೊಟ್ಟು ಒಬ್ಬರನ್ನು ಕರೆದಂತೆ! 25 ಕೋಟಿಯನ್ನು 71 ಲಕ್ಷ ಟಿಕೆಟ್ಟಿಗೆ ಹಂಚಿದರೆ ಒಂದಕ್ಕೆ ಬರುವುದು ಸುಮಾರು 35 ರೂಪಾಯಿ. ಟಿಕೆಟ್ಟಿನ ಬೆಲೆ 500. ಗೆದ್ದವರಿಗಾದರೂ ಏಜೆಂಟರ ಕಮಿಷನ್, ಶೇಕಡ 30ರ ತೆರಿಗೆ, ಅದರ ಮೇಲಿನ ಸರ್‌ಚಾರ್ಜ್ ಕಳೆದು ಕೈಗೆ ಸಿಗುವುದು ಹೆಚ್ಚುಕಡಿಮೆ ಅರ್ಧ.

"ಒಂದೇ ನಂಬರಿನಲ್ಲಿ ತಪ್ಪಿತು" ಎಂದು ಕೈ ಹಿಸುಕಿಕೊಳ್ಳುವವರನ್ನು ತಾವು ಕಂಡಿರಬಹುದು. ಗೆದ್ದ ಸಂಖ್ಯೆಯ ಪಕ್ಕದ ಸಂಖ್ಯೆಗೂ ಲಕ್ಷ ಆಚೆಯ ಸಂಖ್ಯೆಗೂ ಇದ್ದ ಅವಕಾಶ ಒಂದೇ. ಹತ್ತಿರ ಎಂಬುದು ಕಾಗದದ ಮೇಲೆ ಮಾತ್ರ. ಆದರೆ ಮುಂದಿನ ಟಿಕೆಟ್ ಕೊಳ್ಳಿಸುವುದು ಆ ಹತ್ತಿರವೇ.

ವಿಚಿತ್ರವೆಂದರೆ, ಹೆಚ್ಚು ಮನೆ ಹಾಳು ಮಾಡಿದ್ದು ಲಕ್ಷಕ್ಕೊಬ್ಬರು ಗೆಲ್ಲುವ ಲಾಟರಿಯಲ್ಲ. ಒಂದಂಕಿ ಲಾಟರಿಯಲ್ಲಿ ಗೆಲ್ಲುವ ಅವಕಾಶ ಹತ್ತರಲ್ಲೊಂದು. ಆಗಾಗ ಯಾರಾದರೂ ಗೆಲ್ಲುತ್ತಲೇ ಇರುತ್ತಾರೆ, ಫಲಿತಾಂಶಕ್ಕೆ ತಿಂಗಳು ಕಾಯಬೇಕಿಲ್ಲ. ದಿನಗೂಲಿ ಮನೆ ಸೇರುವ ಮೊದಲೇ ಅಂಗಡಿ ಸೇರುತ್ತಿತ್ತು. 1998ರ ಕೇಂದ್ರ ಕಾಯಿದೆ ಒಂದಂಕಿಯ ಬಹುಮಾನವನ್ನು ನಿಷೇಧಿಸಿತು.

ಕೊಳ್ಳುವವರನ್ನು ದಡ್ಡರೆನ್ನಲು ನನಗೆ ಮನಸ್ಸಿಲ್ಲ. ಮಳೆ ನಂಬಿ ರಾಗಿ ಬಿತ್ತುವವನು, ಸಾಲ ಮಾಡಿ ಕೊಳವೆಬಾವಿ ತೋಡಿಸುವವನು ಪ್ರತಿವರ್ಷವೂ ಪಣವೊಡ್ಡುತ್ತಲೇ ಇದ್ದಾನೆ. ಒಂದು ಟಿಕೆಟ್ ಜೇಬಿನಲ್ಲಿದ್ದರೆ ಡ್ರಾ ದಿನದವರೆಗೆ ಸಾಲ ತೀರುತ್ತದೆ, ಮಗಳ ಮದುವೆ ಆಗುತ್ತದೆ, ಮನಸ್ಸಿನಲ್ಲಾದರೂ. ಐದನೆಯ, ಹತ್ತನೆಯ ಟಿಕೆಟ್ ಆ ಕನಸನ್ನು ದೊಡ್ಡದು ಮಾಡುವುದಿಲ್ಲ. ರೇಷನ್ನಿನ ದುಡ್ಡನ್ನು ಮಾತ್ರ ಕರಗಿಸುತ್ತದೆ.

ಇನ್ನು ನಮ್ಮ ಟೆಲಿವಿಷನ್ ವೃತ್ತಿಯ ಮಾತು. ಡ್ರಾ ಆದ ಸಂಜೆ ಕ್ಯಾಮೆರಾ ಹೋಗುವುದು ಗೆದ್ದವರ ಮನೆಗೆ. ಹಾರ, ಸಿಹಿ, ನೆರೆಯವರ ನಗು ಎಲ್ಲವೂ ತೆರೆಯ ಮೇಲೆ ಬರುತ್ತದೆ. ಉಳಿದ ಟಿಕೆಟ್ ಕೊಂಡವರಿಗೆ ತಲಾ ಒಂದೇ ಸೆಕೆಂಡ್ ಕೊಟ್ಟರೂ, ಹಗಲೂ ರಾತ್ರಿ ಬಿಡದೆ ತೋರಿಸಲು ಸುಮಾರು 82 ದಿನ ಬೇಕು.